ಪಾಠಾರಂಭಕ್ಕೆ ಮುನ್ನ: ದೂರದ ವಿದ್ಯಾರ್ಥಿಯ ಮನೆಬಾಗಿಲಿಗೆ

ಪಾಠವು ಯಾವ ದಿನ ಆರಂಭವಾಗುತ್ತದೆ ಎಂದು ಕೇಳಿದರೆ ಕಾರ್ಯಾಲಯದ ಕಡತವು ಒಂದು ತಾರೀಖನ್ನು ತೋರಿಸುತ್ತದೆ. ಅನುಭವಿಯಾದ ಅಧ್ಯಾಪಕನು ಆ ತಾರೀಖಿಗಿಂತ ಹಿಂದಿನ ಬೇರೊಂದು ದಿನವನ್ನು ನೆನೆಯುತ್ತಾನೆ. ಯಾರೋ ಒಬ್ಬರು ವಿದ್ಯಾರ್ಥಿಯನ್ನು ಹೆಸರು ಹಿಡಿದು ಕರೆದು, “ಬಾ, ನಿನಗೂ ಇಲ್ಲಿ ಒಂದು ಮಣೆ ಹಾಕಿದೆ” ಎಂದು ಹೇಳಿದ ದಿನವದು. ಊರಿನ ಶಾಲೆಯಲ್ಲಿ ಈ ಎರಡು ದಿನಗಳ ನಡುವಣ ಅಂತರವು ಅತ್ಯಲ್ಪ. ಹೆಸರು ಹಚ್ಚಿದ ಮಗುವು ಮರುದಿನವೇ ಪಾಟೀಚೀಲ ಹೊತ್ತು ಬರುತ್ತದೆ, ಬಾರದಿದ್ದರೆ ಗುರುಗಳು ಓಣಿಗೆ ಹೋಗಿ ವಿಚಾರಿಸುತ್ತಾರೆ. ಆದರೆ ಅಂತರ್ಜಾಲದ ಮೂಲಕ ನಡೆಯುವ ಕಾಲೇಜು ಶಿಕ್ಷಣದಲ್ಲಿ, ಅಂದರೆ ಇಂದು ಎಲ್ಲರೂ ಆನ್‌ಲೈನ್ ಎಂದು ಕರೆಯುವ ವ್ಯವಸ್ಥೆಯಲ್ಲಿ, ಹೆಸರು ನೋಂದಾಯಿಸಿದ ದಿನಕ್ಕೂ ಮೊದಲ ಪಾಠದ ದಿನಕ್ಕೂ ನಡುವೆ ಹಲವು ವಾರಗಳ ಬಯಲು ಬಿದ್ದಿರುತ್ತದೆ. ಆ ಬಯಲಿನಲ್ಲಿಯೇ ಅತಿ ಹೆಚ್ಚು ವಿದ್ಯಾರ್ಥಿಗಳು ಕಳೆದುಹೋಗುತ್ತಾರೆ.

ಇದು ಹೊಸ ಕಾಲದ ಹೊಸ ಸಮಸ್ಯೆಯೆಂದು ತೋರಬಹುದು. ಆದರೆ ಶಿಷ್ಯನು ಗುರುವನ್ನು ಹುಡುಕಿಕೊಂಡು ಬರುವ ಮೊದಲೇ ಗುರುವು ಶಿಷ್ಯನನ್ನು ಹುಡುಕಿಕೊಂಡು ಹೋಗುವ ಪದ್ಧತಿಯು ಈ ನೆಲದ ಮಠಗಳಿಗೆ ಅಪರಿಚಿತವಲ್ಲ. ರಾಣಿಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿದ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು 1909ರಲ್ಲಿ ಬದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದರು. ಅವರು ವಟುಗಳು ಬಂದು ಬಾಗಿಲು ತಟ್ಟಲೆಂದು ಕಾದು ಕುಳಿತವರಲ್ಲ. ಹಳ್ಳಿ ಹಳ್ಳಿಗಳಲ್ಲಿ ಸಂಚರಿಸಿ ಮಕ್ಕಳನ್ನು ಕಂಡು, ತಾಯಿತಂದೆಗಳೊಡನೆ ಮಾತನಾಡಿ, ಅವರ ಅಂಜಿಕೆಯನ್ನು ಬಿಡಿಸಿದವರು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನೆಂಬ ಅಂಧ ಬಾಲಕನ ಕಂಠವನ್ನು ಕೇಳಿ, ಆತನಿಗೂ ಆತನ ಸಹೋದರನಿಗೂ ಸಂಗೀತ ಶಿಕ್ಷಣದ ದಾರಿಯನ್ನು ತೆರೆದವರು ಅವರೇ. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳೆಂದು ನಾಡಿಗೆಲ್ಲ ಪರಿಚಿತರಾಗಿ, ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಇದೇ ಹಾನಗಲ್ಲ ತಾಲೂಕಿನ ನೆಲದವರು, ಅವರೂ ಅಂಧರು. ಕಾಡಶೆಟ್ಟಿಹಳ್ಳಿಯ ಮನೆಯ ಮುಂದೆ ಯಾರೂ ನಿಲ್ಲದೆ ಹೋಗಿದ್ದರೆ ಆ ಪರಂಪರೆಯು ಯಾವ ರೂಪ ತಾಳುತ್ತಿತ್ತೋ ಹೇಳಬಲ್ಲವರಾರು? ಇಲ್ಲಿ ಗಮನಿಸಬೇಕಾದ ಸಂಗತಿ ಒಂದೇ: ಸ್ವರಪಾಠವು ಮೊದಲಾಗುವುದಕ್ಕೆ ಎಷ್ಟೋ ಮೊದಲು ಭೇಟಿಯು ನಡೆದಿತ್ತು.

ದೂರದಿಂದ ಕಲಿಯುವ ವ್ಯವಸ್ಥೆಯ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬಹುದು. ಭಾರತದಲ್ಲಿ ವಿಶ್ವವಿದ್ಯಾನಿಲಯವೊಂದು ಅಂಚೆಯ ಮೂಲಕ ಪದವಿ ಶಿಕ್ಷಣವನ್ನು ಆರಂಭಿಸಿದುದು 1962ರಲ್ಲಿ, ದೆಹಲಿಯಲ್ಲಿ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ತನ್ನ ಸಂಸ್ಥೆಯನ್ನು ತೆರೆದು ಅದಕ್ಕೆ “ಅಂಚೆ ಮತ್ತು ತೆರಪಿನ ಶಿಕ್ಷಣ” ಎಂಬ ಅಚ್ಚಗನ್ನಡದ ಹೆಸರನ್ನು ಇಟ್ಟಿತು. ತೆರಪು ಎಂದರೆ ಎಡೆ, ಬಿಡುವು, ತೆರವಾದ ಸ್ಥಳ. ದುಡಿಮೆಯ ನಡುವೆ ಸಿಕ್ಕ ಬಿಡುವಿನಲ್ಲಿ ಓದುವವನಿಗೆ ಇದಕ್ಕಿಂತ ಒಪ್ಪುವ ಶಬ್ದವು ದೊರೆಯಲಾರದು. ಅದು ಬಳಕೆಯಿಂದ ಮರೆಯಾಗಿರುವುದು ಕನ್ನಡಕ್ಕೆ ನಷ್ಟವೇ ಸರಿ. ಆ ಸಂಸ್ಥೆಯೇ ಬೆಳೆದು 1996ರ ಜೂನ್ 1ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಅದಕ್ಕೂ ಮೊದಲು, 1985ರಲ್ಲಿ ಸ್ಥಾಪನೆಯಾಗಿತ್ತು. ಕೇಂದ್ರ ಸರ್ಕಾರದ “ಸ್ವಯಂ” ಎಂಬ ಅಂತರ್ಜಾಲ ಪಾಠಶಾಲೆಯು 2017ರ ಜುಲೈ ತಿಂಗಳಲ್ಲಿ ಉದ್ಘಾಟನೆಗೊಂಡಿತು. ಅಲ್ಲಿಯ ಪಾಠಕ್ಕೆ ನಾಲ್ಕು ಪಾದಗಳು: ದೃಶ್ಯಪಾಠ, ಓದುವ ಸಾಮಗ್ರಿ, ಸ್ವಪರೀಕ್ಷೆ, ಚರ್ಚೆ. ಕಾಲೇಜಿನ ವಿದ್ಯಾರ್ಥಿಯು ತನ್ನ ಪದವಿಗೆ ಬೇಕಾದ ವಿಷಯಗಳಲ್ಲಿ ಒಂದು ಪಾಲನ್ನು ಸ್ವಯಂ ಮೂಲಕವೇ ಕಲಿತು ಅಂಕ ಗಳಿಸಬಹುದೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2016ರಲ್ಲಿ ನಿಯಮ ಮಾಡಿತು. ಆಗ ಶೇಕಡಾ 20 ಇದ್ದ ಆ ಪಾಲನ್ನು 2021ರಲ್ಲಿ ಶೇಕಡಾ 40ಕ್ಕೆ ಏರಿಸಿತು. ಹೀಗಾಗಿ ಊರಿನ ಕಾಲೇಜಿಗೆ ದಿನವೂ ಹೋಗುವ ವಿದ್ಯಾರ್ಥಿಯೂ ಅರ್ಧಮಟ್ಟಿಗೆ ದೂರದ ವಿದ್ಯಾರ್ಥಿಯಾಗಿರುವ ಕಾಲವಿದು.

ಅಂಚೆಯ ಕಾಲದಲ್ಲಿ ಒಂದು ಸೌಕರ್ಯವಿತ್ತು. ದಪ್ಪನೆಯ ಲಕೋಟೆಯೊಂದನ್ನು ಅಂಚೆಯವನು ಮನೆಗೆ ತಂದು ಕೊಡುತ್ತಿದ್ದನು. ಅದನ್ನು ಮನೆಯವರೆಲ್ಲ ನೋಡುತ್ತಿದ್ದರು, ನೆರೆಹೊರೆಯವರಿಗೂ ತಿಳಿಯುತ್ತಿತ್ತು. “ಇವನು ಓದುತ್ತಿದ್ದಾನೆ” ಎಂಬುದು ಓಣಿಗೇ ಪ್ರಕಟವಾಗುತ್ತಿತ್ತು. ಲಕೋಟೆಯನ್ನು ಒಡೆಯದೆ ಮೂಲೆಯಲ್ಲಿಟ್ಟರೂ ಅದು ಕಣ್ಣಿಗೆ ಬೀಳುತ್ತಲೇ ಇರುತ್ತಿತ್ತು. ಅಂತರ್ಜಾಲದ ಪಾಠಕ್ಕೆ ಆ ಭಾರವಿಲ್ಲ. ಮಿಂಚಂಚೆಯಲ್ಲಿ ಬಂದ ಗುಪ್ತಪದವು ಜಾಹೀರಾತುಗಳ ರಾಶಿಯಡಿ ಹೂತುಹೋದರೆ ಅದನ್ನು ಯಾರೂ ಕಾಣರು, ಯಾರೂ ಕೇಳರು.

ಇದು ಊಹೆಯ ಮಾತಲ್ಲ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ಸಂಸ್ಥೆಗಳು 2012ರಿಂದ 2018ರ ವರೆಗೆ ನಡೆಸಿದ ಮುಕ್ತ ಆನ್‌ಲೈನ್ ಪಾಠಗಳ ಲೆಕ್ಕವನ್ನು ಇಬ್ಬರು ಸಂಶೋಧಕರು 2019ರಲ್ಲಿ “ಸೈನ್ಸ್” ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಸರು ನೋಂದಾಯಿಸಿದವರಲ್ಲಿ ಶೇಕಡಾ 52 ಮಂದಿ ಪಾಠದೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ! ಕೊನೆಯ ವರ್ಷದಲ್ಲಿ ಪಾಠವನ್ನು ಪೂರ್ತಿಗೊಳಿಸಿದವರು ಶೇಕಡಾ ಮೂರರ ಆಸುಪಾಸು. ಅವು ಉಚಿತವಾಗಿ ಹೆಸರು ಹಚ್ಚಬಹುದಾದ ಪಾಠಗಳು. ಕುತೂಹಲಕ್ಕೆ ಹೆಸರು ಹಚ್ಚಿದವರೂ ಅವರಲ್ಲಿ ಇದ್ದರು ಎಂಬುದನ್ನು ಒಪ್ಪಬೇಕು. ಶುಲ್ಕ ಕಟ್ಟಿದವರು ಇಷ್ಟು ಸುಲಭವಾಗಿ ಬಿಡಲಾರರು. ಆದರೂ ಅರ್ಧಕ್ಕರ್ಧ ಜನ ಹೊಸ್ತಿಲನ್ನೇ ದಾಟಲಿಲ್ಲ ಎಂಬ ಸಂಗತಿಯು ಯೋಚನೆಗೆ ಈಡುಮಾಡುತ್ತದೆ. ಪಾಠವು ಕಠಿಣವಾದುದರಿಂದ ಅವರು ಬಿಟ್ಟರೆನ್ನಲು ಬಾರದು, ಪಾಠವನ್ನು ಅವರು ನೋಡಿಯೇ ಇಲ್ಲ.

ಇದಕ್ಕೆ ಮದ್ದೇನು ಎಂಬುದಕ್ಕೂ ಒಂದು ನಿದರ್ಶನವಿದೆ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯವು ಮೈಸೂರಿನ ಅಂಚೆ ಶಿಕ್ಷಣದಂತೆಯೇ 1969ರಲ್ಲಿ ಹುಟ್ಟಿದುದು. ಅಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ಆರ್ಮಂಡ್ ಸಿಂಪ್ಸನ್ ಎಂಬವರು ಈ ಶತಮಾನದ ಮೊದಲ ವರ್ಷಗಳಲ್ಲಿ ನಡೆದ ಒಂದು ಪ್ರಯೋಗವನ್ನು ವಿವರಿಸಿದ್ದಾರೆ. ಹೊಸ ವಿದ್ಯಾರ್ಥಿಗಳಲ್ಲಿ ಮಧ್ಯದಲ್ಲಿಯೇ ಬಿಟ್ಟುಹೋಗುವ ಸಂಭವ ಹೆಚ್ಚೆಂದು ಕಂಡವರನ್ನು ಮೊದಲು ಆರಿಸಿ, ಪಾಠ ಪ್ರಾರಂಭವಾಗುವುದಕ್ಕೆ ಮುನ್ನ ಒಮ್ಮೆ ಮಾತ್ರ, ಸುಮಾರು ಹತ್ತು ನಿಮಿಷ, ದೂರವಾಣಿಯಲ್ಲಿ ಮಾತನಾಡಿಸಲಾಯಿತು. ಕರೆ ಹೋಗದ ಅಂಥದೇ ಮತ್ತೊಂದು ಗುಂಪಿನೊಡನೆ ಹೋಲಿಸಿದಾಗ, ಕರೆ ಪಡೆದವರಲ್ಲಿ ಓದನ್ನು ಉಳಿಸಿಕೊಂಡವರ ಪ್ರಮಾಣವು ನೂರಕ್ಕೆ ನಾಲ್ಕೈದರಷ್ಟು ಹೆಚ್ಚಾಗಿತ್ತು. ಪ್ರಮಾಣವು ಚಿಕ್ಕದೆಂದು ಅನ್ನಿಸಬಹುದು. ಆದರೆ ಹತ್ತು ನಿಮಿಷದ ಮಾತಿಗೆ ನೂರರಲ್ಲಿ ನಾಲ್ವರು ಉಳಿದರೆಂದರೆ, ಇದಕ್ಕಿಂತ ಅಗ್ಗದ ಬೇರೆ ಶಿಕ್ಷಣೋಪಾಯವನ್ನು ಕಾಣುವುದು ಕಷ್ಟ.

ಆ ಹತ್ತು ನಿಮಿಷಗಳಲ್ಲಿ ಏನು ಮಾತನಾಡಬೇಕು? ಇಲ್ಲಿ ಪ್ರಾಚೀನ ಶಾಸ್ತ್ರಕಾರರು ನೆರವಿಗೆ ಬರುತ್ತಾರೆ. ಯಾವುದೇ ಶಾಸ್ತ್ರಗ್ರಂಥವನ್ನು ಆರಂಭಿಸುವ ಮುನ್ನ ನಾಲ್ಕು ಸಂಗತಿಗಳನ್ನು ಹೇಳಬೇಕೆಂಬುದು ಅವರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಇದಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಓದುವವನನ್ನು ಗ್ರಂಥಕ್ಕೆ ಕಟ್ಟುವುದರಿಂದ ಅದು ಅನುಬಂಧ. ಈ ನಾಲ್ಕೂ ತಿಳಿಯದವನು ಗ್ರಂಥಕ್ಕೆ ಕೈಹಾಕುವುದಿಲ್ಲವೆಂದು ಅವರು ಬಲ್ಲವರಾಗಿದ್ದರು. ವಿದ್ವತ್ ಪರೀಕ್ಷೆಗೆ ಕುಳಿತವರು ಇದನ್ನು ಕಂಠಪಾಠ ಮಾಡಿ ಮರೆತಿರಬಹುದು. ಆನ್‌ಲೈನ್ ವಿದ್ಯಾರ್ಥಿಗೆ ಬರೆಯುವ ಮೊದಲ ಪತ್ರದಲ್ಲಿ ಅದು ಮತ್ತೆ ಜೀವ ತಳೆಯುತ್ತದೆ.

ವಿಷಯವನ್ನು ಹೇಳುವುದು ಸುಲಭ, ಅದನ್ನು ಎಲ್ಲ ಸಂಸ್ಥೆಗಳೂ ಅಚ್ಚು ಮಾಡಿಸಿಯೇ ಇರುತ್ತವೆ. ಸಂಬಂಧವೆಂದರೆ ಈ ಪಾಠಕ್ಕೂ ಹಿಂದೆ ಓದಿದ್ದಕ್ಕೂ ಇರುವ ನಂಟು. ಪಿಯುಸಿಯ ಲೆಕ್ಕಶಾಸ್ತ್ರದ ಯಾವ ಎರಡು ಅಧ್ಯಾಯಗಳನ್ನು ಮತ್ತೊಮ್ಮೆ ತಿರುವಿ ಹಾಕಿಕೊಂಡು ಬರಬೇಕೆಂದು ಒಂದು ವಾಕ್ಯದಲ್ಲಿ ತಿಳಿಸಿದರೆ ಸಾಕು.

ಪ್ರಯೋಜನದ ವಿಚಾರದಲ್ಲಿ ಮಾತ್ರ ನಿಲ್ಲಬೇಕಾಗುತ್ತದೆ. ಮನೆಯ ಹಿರಿಯರು ಕೇಳುವ ಮೊದಲ ಪ್ರಶ್ನೆಯೇ “ಈ ಪದವಿ ನಡೆಯುತ್ತದೆಯೋ?” ಎಂಬುದು. ಈ ಪ್ರಶ್ನೆಗೆ ಕಾರಣವಿದೆ. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾನಿಲಯಕ್ಕೇ 2012–13ರ ಅನಂತರದ ಸಾಲುಗಳಿಗೆ ಆಯೋಗದ ಮಾನ್ಯತೆ ಇಲ್ಲದೆ ಹೋಗಿ, 2018ರಲ್ಲಿ ಅದು ಮರಳಿ ದೊರೆಯಿತು. ನಡುವಿನ ವರ್ಷಗಳ ಆತಂಕವು ಅನೇಕ ಕುಟುಂಬಗಳ ನೆನಪಿನಲ್ಲಿ ಇನ್ನೂ ಇದೆ. ಆದಕಾರಣ ಉತ್ತರವು ಸ್ಪಷ್ಟವಾಗಿರಬೇಕು. ಆಯೋಗದ ಮಾನ್ಯತೆಯುಳ್ಳ ಸಂಸ್ಥೆಯು ನೀಡುವ ದೂರಶಿಕ್ಷಣದ ಹಾಗೂ ಆನ್‌ಲೈನ್ ಪದವಿಯು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಆಯೋಗವು 2022ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದೆ. ಆದರೆ ಮಾನ್ಯತೆಯು ಆ ಸಂಸ್ಥೆಗೆ, ಆ ಪಾಠಕ್ರಮಕ್ಕೆ, ಆ ವರ್ಷಕ್ಕೆ ಇದೆಯೇ ಎಂದು ಆಯೋಗದ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ವೈದ್ಯಕೀಯ, ಇಂಜಿನಿಯರಿಂಗ್, ನರ್ಸಿಂಗ್, ಕಾನೂನು, ಕೃಷಿ ಮುಂತಾದ ಪದವಿಗಳನ್ನು ಈ ಮಾರ್ಗದಲ್ಲಿ ನೀಡಲು ಅನುಮತಿಯೇ ಇಲ್ಲ. ಬಸ್ ನಿಲ್ದಾಣದ ಎದುರು ಫಲಕ ಹಾಕಿಕೊಂಡು “ಮನೆಯಲ್ಲೇ ಕೂತು ಬಿಎಸ್ಸಿ ನರ್ಸಿಂಗ್” ಎನ್ನುವ ದಲ್ಲಾಳಿಯು ಯಾವ ಊರಿನಲ್ಲಿ ಕಂಡರೂ ಅವನು ಸುಳ್ಳು ಹೇಳುತ್ತಿದ್ದಾನೆಂದೇ ತಿಳಿಯತಕ್ಕದ್ದು. ಶುಲ್ಕ ಕಟ್ಟುವುದಕ್ಕೆ ಮೊದಲೇ ಶಾಲೆಯ ಗುರುಗಳೊಬ್ಬರು ಈ ಒಂದು ಮಾತನ್ನು ಹೇಳಿದರೆ ಬಡ ಕುಟುಂಬವೊಂದರ ವರ್ಷದ ಉಳಿತಾಯವು ಉಳಿಯುತ್ತದೆ.

ನಾಲ್ಕನೆಯದಾದ ಅಧಿಕಾರಿ ಎಂಬ ಶಬ್ದವು ಇಂದು ಕಚೇರಿಯ ಸಾಹೇಬರಿಗೆ ಸಲ್ಲುತ್ತಿದೆ. ಶಾಸ್ತ್ರದಲ್ಲಿ ಅದರ ಅರ್ಥ ಬೇರೆ. ಈ ಗ್ರಂಥವನ್ನು ಓದಲು ಅರ್ಹನಾದವನು, ಯಾರಿಗಾಗಿ ಗ್ರಂಥವು ಹುಟ್ಟಿತೋ ಅವನು ಎಂದು. ಆನ್‌ಲೈನ್ ಶಿಕ್ಷಣದಲ್ಲಿ ಎಲ್ಲರೂ ಮರೆಯುವುದು ಇವನನ್ನೇ. ಅವನು ಯಾರು, ಎಲ್ಲಿ ಕುಳಿತು ಓದುತ್ತಾನೆ, ಯಾವ ಹೊತ್ತಿನಲ್ಲಿ ಅವನ ಕೈಗೆ ಫೋನು ಸಿಗುತ್ತದೆ ಎಂಬುದು ತಿಳಿಯದೆ ಕಳುಹಿಸಿದ ಸಂದೇಶವು ವಿಳಾಸವಿಲ್ಲದ ಪತ್ರದಂತೆ.

ಹಾವೇರಿ, ಬ್ಯಾಡಗಿ, ರಾಣಿಬೆನ್ನೂರುಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೂರೂ ಊರುಗಳು ಹುಬ್ಬಳ್ಳಿ–ಬೆಂಗಳೂರು ರೈಲುಮಾರ್ಗದ ಮೇಲೆ ಒಂದರ ಹಿಂದೆ ಒಂದರಂತೆ ಇವೆ. ಹವೆ ಒಂದೇ, ಮಾತು ಒಂದೇ. ಆದರೂ ವಿದ್ಯಾರ್ಥಿಯ ವರ್ಷವು ಮೂರು ಕಡೆಯೂ ಒಂದೇ ಅಲ್ಲ. ಆನ್‌ಲೈನ್ ಪಾಠಗಳು ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ, ಜನವರಿಯ ಹೊತ್ತಿಗೆ ಮತ್ತು ಜುಲೈಯ ಹೊತ್ತಿಗೆ, ಪ್ರಾರಂಭವಾಗುತ್ತವೆ. ಈ ಕಾಲಗಳನ್ನು ಗೊತ್ತುಮಾಡಿದವರು ಬ್ಯಾಡಗಿಯನ್ನು ಕಂಡವರಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ, ಬಣ್ಣ ಹೆಚ್ಚಾಗಿ ಖಾರ ಕಡಿಮೆಯಾಗಿರುವ ಬ್ಯಾಡಗಿ ಮೆಣಸಿನಕಾಯಿಯು ಮಾರುಕಟ್ಟೆಗೆ ರಾಶಿರಾಶಿಯಾಗಿ ಹರಿದು ಬರುವುದು ಜನವರಿಯಿಂದ ಮಾರ್ಚ್ ತಿಂಗಳವರೆಗೆ. ಆಗ ಊರಿನ ಗಾಳಿಯಲ್ಲೇ ಘಾಟು. ತೊಟ್ಟು ಬಿಡಿಸುವ, ಕಾಯಿಯನ್ನು ಆರಿಸಿ ಬೇರ್ಪಡಿಸುವ ಕೆಲಸಕ್ಕೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬೆಳಗ್ಗೆ ಹೊರಟರೆ ಸಂಜೆಗೆ ಮರಳುವುದು. ಅಂಗಡಿ ಅಡತಿಗಳಲ್ಲಿ ಲೆಕ್ಕ ಬರೆಯುವ, ತೂಕಕ್ಕೆ ನಿಲ್ಲುವ ಹುಡುಗರಿಗೂ ಅದೇ ಸುಗ್ಗಿ. ವರ್ಷದ ಗಳಿಕೆಯ ದೊಡ್ಡ ಪಾಲು ಕೈಗೆ ಬರುವ ಆ ವಾರಗಳಲ್ಲಿಯೇ ಸ್ವಯಂ ಪಾಠದ ಮೊದಲ ಎರಡು ಮೂರು ಅಭ್ಯಾಸಗಳನ್ನು ಒಪ್ಪಿಸುವ ಗಡುವು ಬೀಳುತ್ತದೆ. ಗಡುವು ದಾಟಿದರೆ ಯಂತ್ರವು ಅಭ್ಯಾಸವನ್ನು ಸ್ವೀಕರಿಸುವುದಿಲ್ಲ, ಕಾರಣವನ್ನೂ ಕೇಳುವುದಿಲ್ಲ.

ರಾಣಿಬೆನ್ನೂರಿನ ಪಾಡು ಬೇರೆ. ಆ ತಾಲೂಕಿನ ಅನೇಕ ಹಳ್ಳಿಗಳಲ್ಲಿ ತರಕಾರಿಯ ಸಂಕರ ಬೀಜೋತ್ಪಾದನೆ ನಡೆಯುತ್ತದೆ. ಹೂವಿನ ಪರಾಗವನ್ನು ಇನ್ನೊಂದು ಹೂವಿಗೆ ಕೈಯಿಂದ ಮುಟ್ಟಿಸುವ ಈ ನಾಜೂಕಿನ ಕೆಲಸಕ್ಕೆ ಬೆಳಗಿನ ಹೊತ್ತೇ ಪ್ರಶಸ್ತ. ಬಿಸಿಲೇರಿದ ಮೇಲೆ ಅದು ಫಲಿಸದು. ಬೆಳಗ್ಗೆ ಹತ್ತು ಗಂಟೆಗೆ ನೇರ ಪಾಠವಿಟ್ಟರೆ ಅಂಥ ಮನೆಯ ಹುಡುಗಿಯು ಎಂದಿಗೂ ಹಾಜರಾಗಲಾರಳು. ರಾತ್ರಿ ಎಂಟಕ್ಕೆ ಇಟ್ಟರೆ ಆದಾಳು. ಜೂನ್ ಜುಲೈ ತಿಂಗಳಲ್ಲಿ ಗೋವಿನಜೋಳ, ಹತ್ತಿಗಳ ಬಿತ್ತನೆ ಇಡೀ ಜಿಲ್ಲೆಗೇ ಸಮಾನ. 1997ರ ಆಗಸ್ಟ್ ತಿಂಗಳಿನಿಂದ ಜಿಲ್ಲಾಕೇಂದ್ರವಾಗಿರುವ ಹಾವೇರಿ ಪಟ್ಟಣದ ವಿದ್ಯಾರ್ಥಿಯ ಸ್ಥಿತಿ ಸ್ವಲ್ಪ ಮೇಲು. ಅಲ್ಲಿ ಗ್ರಂಥಾಲಯವಿದೆ, ಕಾಲೇಜುಗಳಿವೆ, ಕೇಳಲು ಜನರಿದ್ದಾರೆ.

ಆದ್ದರಿಂದ ಪಾಠಾರಂಭಕ್ಕೆ ಮುನ್ನಿನ ಸಂಪರ್ಕವೆಂದರೆ ಸ್ವಾಗತದ ಒಂದು ಶುಭಸಂದೇಶವನ್ನು ನೂರು ಜನರಿಗೆ ಒಮ್ಮೆಗೇ ಕಳುಹಿಸುವುದಲ್ಲ. ಅದರಲ್ಲಿ ಹೇಳುವುದಕ್ಕಿಂತ ಕೇಳುವುದೇ ಹೆಚ್ಚಿರಬೇಕು. ಫೋನು ಸ್ವಂತದ್ದೋ, ಅಣ್ಣನದೋ? ದಿನದ ಯಾವ ಹೊತ್ತಿನಲ್ಲಿ ಬಿಡುವು? ಕನ್ನಡ ಮಾಧ್ಯಮದಲ್ಲಿ ಓದಿದವರೋ? ಇದು ಮನೆಯಲ್ಲಿ ಪದವಿಯ ಮೆಟ್ಟಿಲು ಹತ್ತುತ್ತಿರುವ ಮೊದಲ ಕುಡಿಯೋ? ಈ ನಾಲ್ಕು ಪ್ರಶ್ನೆಗಳ ಉತ್ತರವನ್ನು ಒಂದು ವಹಿಯಲ್ಲಿ ಬರೆದಿಟ್ಟುಕೊಂಡ ಅಧ್ಯಾಪಕನಿಗೆ ತನ್ನ ತರಗತಿಯು ಮೊದಲ ಪಾಠಕ್ಕೆ ಮುನ್ನವೇ ಕಣ್ಣಿಗೆ ಕಟ್ಟುತ್ತದೆ.

ಕರೆ ಮಾಡುವ ರೀತಿಯಲ್ಲಿಯೂ ವಿವೇಕ ಬೇಕು. ಹಳ್ಳಿಯ ಮನೆಯಲ್ಲಿ ಶಾಲೆಯಿಂದ ಫೋನು ಬಂದಿತೆಂದರೆ ದೂರೆಂದೇ ಭಾವನೆ. ತಾಯಿ ಫೋನು ಎತ್ತಿದಳೆಂದು ಭಾವಿಸೋಣ.

“ಯಾರ್ರೀ ಮಾತಾಡೋರು?”

“ಯವ್ವಾ, ನಾವು ಸಾಲ್ಯಾಗಿಂದ ಮಾತಾಡಾಕತ್ತೇವಿ. ಮಗಳು ಅದಾಳೇನು?”

“ಕಾಯಿ ಬಿಡಸಾಕ ಹೋಗ್ಯಾಳ್ರೀ. ಏನರ ತಪ್ಪ ಮಾಡ್ಯಾಳೇನ್ರೀ?”

“ಇಲ್ಲ ಯವ್ವಾ, ತಪ್ಪ ಏನೂ ಇಲ್ಲ. ಬರೂ ತಿಂಗಳ ಪಾಠ ಸುರು ಆಗತೈತಿ. ಆಕಿಗೆ ಏನ ಬೇಕ ಬ್ಯಾಡ ಕೇಳೂಣಂತ ಮಾಡೇವಿ. ಸಂಜೀ ಎಷ್ಟಕ್ಕ ಬರತಾಳ?”

ಇಷ್ಟು ಮಾತಿನಲ್ಲಿ ಮೂರು ಕಾರ್ಯಗಳು ಕೈಗೂಡಿವೆ. ತಾಯಿಯ ಅಂಜಿಕೆ ಕಳೆಯಿತು. ಮಗಳು ಓದುತ್ತಿರುವಳೆಂಬುದು ಮನೆಯಲ್ಲಿ ಗಟ್ಟಿಯಾಯಿತು. ಆಕೆ ದೊರೆಯುವ ಹೊತ್ತು ತಿಳಿಯಿತು. ಕರೆ ಮಾಡಿದವರು ಅಧ್ಯಾಪಕಿಯಾಗಿದ್ದರೆ, ಅಥವಾ ಅದೇ ಓಣಿಯಿಂದ ಓದಿ ಮುಂದೆ ಬಂದ ಹಳೆಯ ವಿದ್ಯಾರ್ಥಿನಿಯಾಗಿದ್ದರೆ ಇನ್ನೂ ಲೇಸು. ಅಪರಿಚಿತ ಗಂಡಸಿನ ಧ್ವನಿಯು ಹೆಣ್ಣುಮಗಳ ಫೋನಿನಲ್ಲಿ ಕೇಳಿಬಂದರೆ ಕೆಲವು ಮನೆಗಳಲ್ಲಿ ಫೋನೇ ಆಕೆಯ ಕೈತಪ್ಪುತ್ತದೆ, ಅದರೊಡನೆ ಓದೂ ಹೋಗುತ್ತದೆ. ಇದನ್ನು ಹಳೆಯ ಮನೋಭಾವವೆಂದು ಜರೆದು ಫಲವಿಲ್ಲ. ದಾರಿ ಸುಗಮವಾಗುವಂತೆ ನಡೆಯುವುದು ಜಾಣತನ.

ಪತ್ರದ ಮಾತೂ ಹಾಗೆಯೇ. ಸಂಸ್ಥೆಗಳು ಕಳುಹಿಸುವ ಇಂಗ್ಲಿಷ್ ಮಿಂಚಂಚೆಯನ್ನು ಕನ್ನಡ ಮಾಧ್ಯಮದ ವಿದ್ಯಾರ್ಥಿಯು ತೆರೆದು ನೋಡಿ ಮುಚ್ಚುತ್ತಾನೆ. ಹಿಂದಿನವರು ಕಾರ್ಡಿನಲ್ಲಿ “ಚಿರಂಜೀವಿಗೆ ಆಶೀರ್ವಾದಗಳು, ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು, ಅದಾಗಿ” ಎಂದು ಮೊದಲುಮಾಡುತ್ತಿದ್ದರು. ಆ “ಅದಾಗಿ” ಎಂಬುದರ ಮುಂದೆ ಒಂದೇ ವಿಷಯವಿರುತ್ತಿತ್ತು. ವಾಟ್ಸಾಪಿನಲ್ಲಿ ಕಳುಹಿಸುವ ಪತ್ರಕ್ಕೂ ಅದೇ ಮಾದರಿ ಸಾಕು: “ಚಿ. ತಂಗಿಗೆ ಆಶೀರ್ವಾದಗಳು. ಅದಾಗಿ, ನಿನ್ನ ಪಾಠ ಬರುವ ಸೋಮವಾರ ಶುರುವಾಗುವುದು. ಅದಕ್ಕೆ ಮೊದಲು ಒಂದು ಕೆಲಸ ಮಾಡು. ಕೆಳಗಿನ ಕೊಂಡಿಯನ್ನು ಒತ್ತಿ ನಿನ್ನ ಹೆಸರು ಬರುತ್ತದೆಯೋ ನೋಡು. ಬಾರದಿದ್ದರೆ ಸಂಜೆ ಏಳರ ಮೇಲೆ ಈ ನಂಬರಿಗೆ ಫೋನು ಮಾಡು.” ಒಂದು ಪತ್ರಕ್ಕೆ ಒಂದೇ ಕೆಲಸ. ಹತ್ತು ಸೂಚನೆಗಳನ್ನು ಒಟ್ಟಿಗೆ ಬರೆದರೆ ಹತ್ತನ್ನೂ ಬಿಡುತ್ತಾರೆ.

ಈ “ಒಂದು ಕೆಲಸ”ಗಳು ಯಾವುವು ಎಂಬುದೂ ತಿಳಿದಿರಬೇಕು. 2024ರಿಂದ ದೂರಶಿಕ್ಷಣಕ್ಕೂ ಆನ್‌ಲೈನ್ ಪದವಿಗೂ ಸೇರುವವರು ಮೊದಲು ಎಬಿಸಿ ಎಂಬ ಅಂಕಗಳ ಖಾತೆಯ ಸಂಖ್ಯೆಯನ್ನೂ, ಅದರ ಆಧಾರದ ಮೇಲೆ ಡಿಇಬಿ ಸಂಖ್ಯೆಯನ್ನೂ ತಾವೇ ಅಂತರ್ಜಾಲದಲ್ಲಿ ಮಾಡಿಕೊಳ್ಳಬೇಕಾಗಿದೆ. ಆಧಾರ್ ಚೀಟಿಯಲ್ಲಿ ಒಂದು ಬಗೆ, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಇನ್ನೊಂದು ಬಗೆ ಹೆಸರಿದ್ದರೆ ಇಲ್ಲಿಯೇ ಬಂಡಿ ನಿಲ್ಲುತ್ತದೆ. ಒಂದು ಕಡೆ ತಂದೆಯ ಹೆಸರು ಸೇರಿರುತ್ತದೆ, ಇನ್ನೊಂದು ಕಡೆ ಅಡ್ಡಹೆಸರು. ಮದುವೆಯಾದ ಹೆಣ್ಣುಮಗಳಾದರೆ ಮೂರನೆಯದೊಂದು. ಹೆಸರು ತಿದ್ದಿಸಲು ವಾರಗಳೇ ಬೇಕಾಗಬಹುದು. ಪಾಠ ಮೊದಲಾದ ಮೇಲೆ ಇದು ಗೊತ್ತಾದರೆ ಕಾಲ ಮೀರಿರುತ್ತದೆ. ಎರಡು ತಿಂಗಳು ಮೊದಲೇ ಶಾಲೆಯ ಗುಮಾಸ್ತರೊಬ್ಬರು ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕೆಲಸ ಮುಗಿಯಿತು.

ಕೊರೋನಾ ಕಾಲದ ಅನುಭವವನ್ನು ಇಲ್ಲಿ ನೆನೆಯುವುದು ಉಚಿತ. 2020ರ ಮಾರ್ಚಿನಲ್ಲಿ ಶಾಲೆ ಕಾಲೇಜುಗಳು ಮುಚ್ಚಿದಾಗ ಪಾಠಗಳು ಒಮ್ಮೆಗೇ ಫೋನಿಗೆ ಬಂದವು. ಯಾರನ್ನೂ ಮೊದಲೇ ಕೇಳಲು ಅವಕಾಶವಿರಲಿಲ್ಲ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ರಾಜ್ಯ ಸರ್ಕಾರವು ಶಾಲಾಮಕ್ಕಳಿಗಾಗಿ ವಿದ್ಯಾಗಮವನ್ನು ತಂದಿತು. ಶಿಕ್ಷಕರೇ ಓಣಿಗಳಿಗೆ ಹೋಗಿ ಗುಡಿಯ ಕಟ್ಟೆ, ಮನೆಯ ಜಗಲಿಗಳ ಮೇಲೆ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಅಲ್ಪಾಯುಷಿಯಾದರೂ ಆ ಯೋಜನೆಯು ಮಕ್ಕಳು ಎಲ್ಲೆಲ್ಲಿದ್ದಾರೆ, ಯಾರ ಮನೆಯಲ್ಲಿ ಫೋನಿಲ್ಲ, ಯಾವ ಓಣಿಗೆ ಸಿಗ್ನಲ್ ಸಿಗದು ಎಂಬುದನ್ನು ಶಿಕ್ಷಕರಿಗೆ ಕಾಲ್ನಡಿಗೆಯಲ್ಲಿ ಕಲಿಸಿತು. ಆ ತಿಳಿವಳಿಕೆಯು ಕಾಲೇಜುಗಳಲ್ಲಿ ಇಲ್ಲ, ಶಾಲೆಗಳಲ್ಲಿದೆ.

ಇಲ್ಲಿಯೇ ಮಠದ ಶಾಲೆಗಳಿಗೆ ಒಂದು ವಿಶೇಷವಾದ ಪಾತ್ರವು ಒದಗಿಬರುತ್ತದೆ. ದೂರದ ವಿಶ್ವವಿದ್ಯಾನಿಲಯಕ್ಕೆ ವಿದ್ಯಾರ್ಥಿಯು ಒಂದು ಸಂಖ್ಯೆ ಮಾತ್ರ; ಅವನು ಹತ್ತನೆಯ ತರಗತಿಯವರೆಗೆ ಓದಿದ ಶಾಲೆಗೆ ಅವನು ಇಂಥವರ ಮಗ, ಇಂಥ ಓಣಿಯವನು, ಪ್ರಸಾದ ನಿಲಯದಲ್ಲಿ ಇಂಥವರ ಪಂಕ್ತಿಯಲ್ಲಿ ಉಂಡವನು. ಹಿಂದೆ ಹಳ್ಳಿಯ ಹುಡುಗನು ಕಾಲೇಜಿಗೆಂದು ಧಾರವಾಡಕ್ಕೆ ಹೊರಟರೆ ಅವನಿಗಿಂತ ಮೊದಲು ಮಠದಿಂದ ಒಂದು ಚೀಟಿ ಹೋಗುತ್ತಿತ್ತು. ಮುರುಘಾಮಠದ ಉಚಿತ ಪ್ರಸಾದ ನಿಲಯದಲ್ಲಿ ಅವನಿಗೆ ಊಟ ವಸತಿಗಳು ಒದಗುತ್ತಿದ್ದವು. ಈಗಿನ ವಿದ್ಯಾರ್ಥಿಯು ಊರನ್ನೇ ಬಿಡುವುದಿಲ್ಲ. ಅವನಿಗೆ ಬೇಕಾದುದು ಅನ್ನಕ್ಕಿಂತ ಹೆಚ್ಚಾಗಿ ಸಂಜೆಯ ಎರಡು ಗಂಟೆ ಕುಳಿತುಕೊಳ್ಳಲು ಒಂದು ಬೆಳಕಿನ ಕೋಣೆ, ಕಡಿಯದೆ ಹರಿಯುವ ಅಂತರ್ಜಾಲ, ಮೊದಲ ವಾರದಲ್ಲಿ ಪಕ್ಕದಲ್ಲಿ ಕುಳಿತು ದಾರಿ ತೋರಿಸುವ ಒಬ್ಬ ಹಿರಿಯ. ಹಗಲಿನಲ್ಲಿ ಮಕ್ಕಳು ಬಳಸುವ ಕಂಪ್ಯೂಟರ್ ಕೋಣೆಯು ಸಂಜೆ ಬೀಗ ಹಾಕಿಕೊಂಡು ಸುಮ್ಮನೆ ನಿಂತಿರುತ್ತದೆ. ಅದರ ಕೀಲಿಕೈಯೊಂದನ್ನು ಯಾರ ಕೈಗೆ ಕೊಡಬೇಕೆಂಬ ನಿರ್ಣಯವೇ ಅರ್ಧ ಕಾರ್ಯ.

ದಾನಿಗಳು ಇಂಥ ಕಾರ್ಯಕ್ಕೆ ಏನು ಕೊಡಬಹುದೆಂದು ಕೇಳುವುದು ಸಹಜ. ಕಟ್ಟಡಕ್ಕೆ ಕೊಟ್ಟರೆ ಕಲ್ಲಿನ ಮೇಲೆ ಹೆಸರು ಬರುತ್ತದೆ. ಇಲ್ಲಿ ಹೆಸರು ಕೆತ್ತಲು ಕಲ್ಲಿಲ್ಲ. ಪರೀಕ್ಷಾ ಶುಲ್ಕ, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು, ಮೊದಲ ಮೂರು ತಿಂಗಳ ಡೇಟಾ ವೆಚ್ಚ, ಇವು ಚಿಕ್ಕ ಮೊತ್ತಗಳು. ಹಳೆಯ ವಿದ್ಯಾರ್ಥಿಗಳಿಂದ ಬೇಕಾದುದು ಹಣವೂ ಅಲ್ಲ, ವಾರಕ್ಕೆ ಒಂದು ಗಂಟೆ. ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿನಿಯು ಅಲ್ಲಿಂದಲೇ ಐದು ಮನೆಗಳಿಗೆ ಕರೆ ಮಾಡಬಲ್ಲಳು. ತಾನು ಬಲ್ಲ ಕೋಣೆ, ತಾನು ಬಲ್ಲ ಗುರುಗಳ ಹೆಸರು ಹೇಳಿ ಮಾತು ತೆಗೆದರೆ ಆಚೆಯ ಧ್ವನಿಯಲ್ಲಿ ಸಲಿಗೆ ಮೂಡುತ್ತದೆ.

ಕಾಲದ ಹೊಂದಿಕೆಯೂ ಹೀಗೆಯೇ ಆಗಬೇಕು. ಜನವರಿಯ ಪಾಠಕ್ಕೆ ಮೊದಲ ಕರೆ ದೀಪಾವಳಿಯ ಆಸುಪಾಸಿನಲ್ಲಿ, ಅಂದರೆ ಕಾಯಿ ಮಾರುಕಟ್ಟೆಗೆ ಬರುವುದಕ್ಕೆ ಮೊದಲು. ಆಗ ಹೆಸರು, ಕಾಗದಪತ್ರಗಳ ವಿಚಾರ. ಡಿಸೆಂಬರಿನಲ್ಲಿ ಎರಡನೆಯ ಕರೆ. ಶಾಲೆಯ ಕೋಣೆಗೆ ಒಮ್ಮೆ ಬಂದು ಪಾಠದ ಪುಟವನ್ನು ತೆರೆದು ನೋಡಿ ಹೋಗುವಂತೆ, ಸಾಧ್ಯವಾದರೆ ಮೊದಲ ಅಭ್ಯಾಸವನ್ನು ಸುಗ್ಗಿಗೆ ಮುನ್ನವೇ ಮಾಡಿಟ್ಟುಕೊಳ್ಳುವಂತೆ. ಮೂರನೆಯದು ಪಾಠದ ಹಿಂದಿನ ದಿನ, ಎರಡು ಸಾಲಿನ ಸಂದೇಶ. ಜುಲೈಯ ಪಾಠಕ್ಕೆ ಇದೇ ಕ್ರಮವನ್ನು ಮುಂಗಾರಿಗೆ ಮೊದಲೇ ಮುಗಿಸಬೇಕು. ಇಷ್ಟಾದರೂ ಪಟ್ಟಿಯಲ್ಲಿ ಕೆಲವು ಹೆಸರುಗಳ ಮುಂದೆ ಗುರುತು ಬೀಳದೆ ಉಳಿಯುತ್ತದೆ. ಫೋನು ಹತ್ತುವುದಿಲ್ಲ, ಸಂದೇಶಕ್ಕೆ ಉತ್ತರವಿಲ್ಲ. ಅವರು ಬೇಡವೆಂದವರಲ್ಲ, ನಂಬರು ಬದಲಾಗಿರುತ್ತದೆ, ಇಲ್ಲವೆ ಫೋನು ಮನೆಯಲ್ಲಿ ಬೇರೆಯವರ ಕೈಯಲ್ಲಿರುತ್ತದೆ. ಅಂಥವರ ಮನೆಗೆ ಯಾರಾದರೂ ಒಬ್ಬರು ಹೋಗಿಯೇ ಬರಬೇಕು. ಬ್ಯಾಡಗಿಯ ಕಡೆಗೆ ಹೋಗುವುದಾದರೆ ಸೋಮವಾರ ಗುರುವಾರಗಳನ್ನು ಬಿಟ್ಟು ಹೋಗುವುದು ಒಳ್ಳೆಯದು. ಆ ಎರಡು ದಿನ ಮೆಣಸಿನಕಾಯಿ ಮಾರುಕಟ್ಟೆಯ ವ್ಯವಹಾರ, ಸುಗ್ಗಿಯಲ್ಲಿ ಮನೆ ಮನೆಯ ಬಾಗಿಲಿಗೂ ಚಿಲಕ ಬಿದ್ದಿರುತ್ತದೆ.